ಮಸ್ಲಿನ್ ಚೀಲದಲ್ಲಿ ಸಿಕ್ಕ ಗುಟ್ಟು

ಕಾರವಾರಕ್ಕೋ ಮಲ್ಪೆಗೋ ರಜೆಯಲ್ಲಿ ಹೋಗಿ ಬಂದ ಕುಟುಂಬಗಳಲ್ಲಿ ಒಬ್ಬರಾದರೂ ಅಂಗಾಲು ಗೀರಿಸಿಕೊಂಡು ಬಂದಿರುತ್ತಾರೆ. ಇಳಿತದ ಹೊತ್ತಿನಲ್ಲಿ ನೀರಿನಿಂದ ತಲೆಯೆತ್ತಿದ ಬಂಡೆಗಳನ್ನು ಬರಿಗಾಲಿನಲ್ಲಿ ಹತ್ತಿದರೆ ಚುಚ್ಚುವುದು ಕಲ್ಲಲ್ಲ. ಕಲ್ಲನ್ನು ಕಚ್ಚಿಕೊಂಡು ಕುಳಿತ ಒಂದು ಪ್ರಾಣಿ. ಬಿಳಿಚಿದ ಬೂದು ಬಣ್ಣ, ತುದಿ ಮುರಿದ ಪುಟ್ಟ ಗೋಪುರದ ಆಕಾರ, ತುದಿಯಲ್ಲಿ ಒಂದು ಕಂಡಿ, ಕಂಡಿಗೆ ಸುಣ್ಣದ ಬಾಗಿಲು. ಇಂಗ್ಲಿಷಿನಲ್ಲಿ ಇದನ್ನು ಬಾರ್ನಕಲ್ ಎನ್ನುತ್ತಾರೆ. ಉಬ್ಬರದ ನೀರು ಮೇಲೆ ಬಂದಾಗ ಬಾಗಿಲು ತೆರೆಯುತ್ತದೆ. ಒಳಗಿನಿಂದ ಗರಿಯಂತಹ ಕಾಲುಗಳ ಕುಚ್ಚು ಹೊರಬಂದು, ನೀರನ್ನು ಬಾಚಿಕೊಂಡು, ಮತ್ತೆ ಒಳಗೆ ಸರಿಯುತ್ತದೆ. ನೀರು ಇಳಿದೊಡನೆ ಬಾಗಿಲು ಮುಚ್ಚುತ್ತದೆ. ಒಮ್ಮೆ ಕುಳಿತ ಸ್ಥಳವನ್ನು ಈ ಪ್ರಾಣಿ ಸಾಯುವವರೆಗೂ ಬಿಡುವುದಿಲ್ಲ; ಸತ್ತ ಮೇಲೂ ಅದರ ಚಿಪ್ಪು ಬಹುಕಾಲ ಅಲ್ಲಿಯೇ ಉಳಿಯುತ್ತದೆ.

ಹೀಗೆ ಕದಲದೆ ಕುಳಿತಿರುವ ಪ್ರಾಣಿಯು ಮೊದಲು ಅಲ್ಲಿಗೆ ಬಂದದ್ದಾದರೂ ಹೇಗೆ? ಹೊಸದಾಗಿ ನೀರಿಗಿಳಿಸಿದ ಹಡಗಿನ ಹೊಟ್ಟೆಗೆ ಕೆಲವೇ ವಾರಗಳಲ್ಲಿ ಸಾವಿರಗಟ್ಟಲೆ ಬಾರ್ನಕಲ್ಲುಗಳು ಹತ್ತಿಕೊಳ್ಳುತ್ತವೆ. ಅವು ನಡೆದು ಬಂದದ್ದನ್ನಾಗಲಿ ಈಜಿ ಬಂದದ್ದನ್ನಾಗಲಿ ಕಂಡವರಿಲ್ಲ. ಕಾಣದ ಕಡೆ ಕಥೆ ಹುಟ್ಟುವುದು ಲೋಕರೂಢಿ. ಹನ್ನೆರಡನೆಯ ಶತಮಾನದಲ್ಲಿ ಐರ್ಲೆಂಡನ್ನು ಕುರಿತು ಬರೆದ ವೇಲ್ಸ್ ದೇಶದ ಜೆರಾಲ್ಡ್ ಎಂಬ ಪಾದ್ರಿಯು, ಕಡಲಿನಲ್ಲಿ ತೇಲುವ ದಿಮ್ಮಿಗಳಿಗೆ ಜೋತುಬಿದ್ದ ಚಿಪ್ಪುಗಳಿಂದ ಒಂದು ಜಾತಿಯ ಹೆಬ್ಬಾತು ಹುಟ್ಟುತ್ತದೆಂದು ನಂಬಿದ್ದನು. ಆ ಹೆಬ್ಬಾತುಗಳು ಚಳಿಗಾಲದಲ್ಲಿ ಮಾತ್ರ ಅಲ್ಲಿಗೆ ಬರುತ್ತಿದ್ದವು. ಅವು ಮೊಟ್ಟೆಯಿಡುವುದು ದೂರದ ಉತ್ತರದ ಹಿಮಪ್ರದೇಶದಲ್ಲಾದ್ದರಿಂದ ಗೂಡನ್ನು ನೋಡಿದವರಿರಲಿಲ್ಲ. ಹಕ್ಕಿಯಿಂದ ಹುಟ್ಟದ ಈ ಹಕ್ಕಿ ಮಾಂಸವೇ ಅಲ್ಲವೆಂದು ಹೇಳಿ ಕೆಲವು ಪಾದ್ರಿಗಳು ಉಪವಾಸದ ದಿನಗಳಲ್ಲಿಯೂ ಅದನ್ನು ತಿನ್ನುತ್ತಿದ್ದರೆಂದು ಆತನೇ ಬರೆದಿದ್ದಾನೆ. ಏಕಾದಶಿಯ ಫಲಾಹಾರದ ವಿಸ್ತಾರವನ್ನು ಬಲ್ಲ ಓದುಗರು ಆ ಪಾದ್ರಿಗಳನ್ನು ಕಂಡು ಹೆಚ್ಚಾಗಿ ನಗಲಾರರು.

ಆರುನೂರು ವರ್ಷಗಳ ಬಳಿಕ ಹೆಬ್ಬಾತಿನ ಕಥೆ ಹೋಯಿತು. ಆದರೆ ಪ್ರಾಣಿ ಯಾರ ಪೈಕಿ ಎಂಬುದು ತಿಳಿಯಲಿಲ್ಲ. ಸುಣ್ಣದ ಚಿಪ್ಪು ಇದ್ದುದರಿಂದ ಲಿನ್ನೇಯಸನು ಅದನ್ನು ಚಿಪ್ಪಿನ ಪ್ರಾಣಿಗಳ ಪಂಕ್ತಿಯಲ್ಲಿ ಕೂರಿಸಿದನು. ಪ್ರಾಣಿಗಳ ಒಳರಚನೆಯನ್ನು ಅವನಷ್ಟು ಬಲ್ಲವರು ಆ ಕಾಲದಲ್ಲಿ ಯಾರೂ ಇರಲಿಲ್ಲವೆನ್ನಬಹುದಾದ ಪ್ಯಾರಿಸ್ಸಿನ ಕುವಿಯೇ ಕೂಡ ಬಸವನಹುಳು, ಕಪ್ಪೆಚಿಪ್ಪುಗಳ ಬಳಗವಾದ ಮೃದ್ವಂಗಿಗಳಲ್ಲಿಯೇ ಇದಕ್ಕೊಂದು ಸ್ಥಾನ ಕೊಟ್ಟನು. ಅಂತಹವನು ಹೇಳಿದ ಮೇಲೆ ಬೇರೆಯವರು ತುಟಿ ತೆರೆಯುವುದುಂಟೆ?

ತುಟಿ ತೆರೆದವನು ಪ್ರೊಫೆಸರನಲ್ಲ, ಯಾವ ವಸ್ತುಸಂಗ್ರಹಾಲಯದ ಅಧಿಕಾರಿಯೂ ಅಲ್ಲ. ಬ್ರಿಟಿಷ್ ಸೈನ್ಯದ ಒಬ್ಬ ವೈದ್ಯ. ಜಾನ್ ವಾನ್ ಥಾಮ್ಸನ್ ಎಂದು ಅವನ ಹೆಸರು. 1779ರಲ್ಲಿ ಹುಟ್ಟಿ, ಇಂಗ್ಲೆಂಡು ಸ್ಕಾಟ್ಲೆಂಡುಗಳ ಗಡಿಯ ಬೆರಿಕ್ ಎಂಬ ಊರಿನಲ್ಲಿ ಬೆಳೆದವನು. ಸೈನ್ಯದೊಂದಿಗೆ ವೆಸ್ಟ್ ಇಂಡೀಸಿಗೂ ಆಮೇಲೆ ಮಾರಿಷಸ್ಸಿಗೂ ಹೋಗಿ ಬಂದು, 1816ರಲ್ಲಿ ಐರ್ಲೆಂಡಿನ ಕಾರ್ಕ್ ಪಟ್ಟಣಕ್ಕೆ ಬಂದು ನೆಲೆಸಿದನು. ಮೊದಲು ಗಿಡಮೂಲಿಕೆಗಳ ಹುಚ್ಚು ಇದ್ದ ಮನುಷ್ಯ; ಬೆರಿಕ್ ಊರಿನ ಸಸ್ಯಗಳ ಒಂದು ಪಟ್ಟಿಯನ್ನೂ ಅಚ್ಚು ಹಾಕಿಸಿದ್ದನು. ಕಾರ್ಕಿನ ವಿಶಾಲವಾದ ಬಂದರು ಅವನ ಕಣ್ಣನ್ನು ನೆಲದಿಂದ ನೀರಿಗೆ ತಿರುಗಿಸಿತು.

ಅವನ ಸಾಧನ ಒಂದು ಚೀಲ. ತೆಳುವಾದ ಮಸ್ಲಿನ್ ಬಟ್ಟೆಯ ಚೀಲಕ್ಕೆ ಬಾಯಿಯ ಕಡೆ ಒಂದು ಬಳೆಯನ್ನು ಹೊಲಿದು, ಹಗ್ಗ ಕಟ್ಟಿ, ದೋಣಿಯ ಹಿಂದೆ ಬಿಟ್ಟು ಎಳೆಯುವುದು. ಸ್ವಲ್ಪ ಹೊತ್ತಿನ ಮೇಲೆ ಚೀಲವನ್ನು ಎತ್ತಿ, ಒಳಮೈಯನ್ನು ಹೊರಮಾಡಿ, ಸಮುದ್ರದ ನೀರು ತುಂಬಿದ ಗಾಜಿನ ಪಾತ್ರೆಯಲ್ಲಿ ಅಲುಬುವುದು. ಅಡಿಗೆಮನೆಯಲ್ಲಿ ಕಾಫಿಯನ್ನು ಸೋಸುವ ಬಟ್ಟೆಗಿಂತ ಹೆಚ್ಚಿನ ಯಂತ್ರವೇನೂ ಇದರಲ್ಲಿಲ್ಲ. ಇಂತಹುದೇ ಒಂದು ಚೀಲವನ್ನು ಬಾವುಟದ ಬಟ್ಟೆಯಿಂದ ಹೊಲಿದುಕೊಂಡು 1832ರ ಜನವರಿಯಲ್ಲಿ ಬೀಗಲ್ ಹಡಗಿನ ಹಿಂದೆ ಎಳೆದ ತರುಣ ಡಾರ್ವಿನ್ನನು, ಇಷ್ಟು ಸೊಗಸಾದ ಜೀವಿಗಳು ನೋಡುವವರಿಲ್ಲದ ಕಡಲಿನಲ್ಲಿ ಏತಕ್ಕಾಗಿ ಇವೆಯೋ ಎಂದು ತನ್ನ ದಿನಚರಿಯಲ್ಲಿ ಸೋಜಿಗಪಟ್ಟನು. ಚೀಲದ ತಳದಲ್ಲಿ ಉಳಿಯುವುದು ನೋಡುವುದಕ್ಕೆ ಒಂದು ಚಮಚೆಯಷ್ಟು ಲೋಳೆ. ಸೂಕ್ಷ್ಮದರ್ಶಕದ ಕೆಳಗೆ ಅದು ಒಂದು ಜಾತ್ರೆ: ಗಾಜಿನಂತೆ ಪಾರದರ್ಶಕವಾದ ಮೈಗಳು, ಕೊಂಬುಗಳು, ಮುಳ್ಳುಗಳು, ಉಂಗುರದಂತೆ ಸುತ್ತಿಕೊಂಡ ರೋಮಗಳು, ಮೈಗೆ ಮೀರಿದ ಕಪ್ಪು ಕಣ್ಣುಗಳು.

ಈ ಜಾತ್ರೆಯಲ್ಲಿ ಥಾಮ್ಸನ್ನನ ಕಣ್ಣಿಗೆ ಒಂದು ಪುಟ್ಟ ಜೀವಿ ಬಿದ್ದಿತು. ಉದ್ದ ಒಂದು ಮಿಲಿಮೀಟರಿನ ಆಸುಪಾಸು. ಎರಡು ಹೋಳಿನ ಚಿಪ್ಪಿನೊಳಗೆ ಕುಳಿತು, ಆರು ಜೊತೆ ಕಾಲುಗಳಿಂದ ನೀರನ್ನು ಒದೆದು ಜಿಗಿಜಿಗಿದು ಈಜುತ್ತಿತ್ತು. ತಲೆಯ ಎರಡು ಪಕ್ಕಗಳಲ್ಲಿ ಕಣ್ಣುಗಳಿದ್ದವು. ಮುಂದೆ ಒಂದು ಜೊತೆ ಮೀಸೆಗಳಿದ್ದವು. ಕೆರೆಯ ನೀರಿನಲ್ಲಿ ಕಾಣುವ ಸಿಪ್ರಿಸ್ ಎಂಬ ಚಿಪ್ಪಿನ ಹುಳುವನ್ನು ಅದು ಹೋಲುತ್ತಿತ್ತು. ಯಾರು ನೋಡಿದರೂ ಏಡಿ ಸಿಗಡಿಗಳ ಬಳಗದ ಪುಟ್ಟ ಸದಸ್ಯನೆಂದು ಹೇಳಬೇಕು. 1826ರ ಮೇ ತಿಂಗಳಲ್ಲಿ ಅವನು ಇಂತಹ ಕೆಲವನ್ನು ಗಾಜಿನ ಪಾತ್ರೆಯಲ್ಲಿ ಜೀವಂತವಾಗಿ ಇಟ್ಟುಕೊಂಡನು. ಒಂದು ರಾತ್ರಿ ನೋಡುವಾಗ ಎರಡು ಜೀವಿಗಳು ಕಾಣೆಯಾಗಿದ್ದವು. ಅವುಗಳ ಪೊರೆ ಮಾತ್ರ ಕಳಚಿ ಬಿದ್ದಿತ್ತು. ಪಾತ್ರೆಯ ತಳದಲ್ಲಿ ಎರಡು ಎಳೆಯ ಬಾರ್ನಕಲ್ಲುಗಳು ಬಲವಾಗಿ ಅಂಟಿಕೊಂಡು ಕುಳಿತಿದ್ದವು.

ಒಂದು ನಿಮಿಷ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಈಜುವುದನ್ನು ಬಲ್ಲ, ಕಣ್ಣಿದ್ದ ಜೀವಿಯು ತಾನಾಗಿ ಬಂದು, ತಲೆಯನ್ನು ನೆಲಕ್ಕೆ ಹಚ್ಚಿ, ಮೀಸೆಯ ತುದಿಯಿಂದ ಅಂಟನ್ನು ಸುರಿಸಿಕೊಂಡು, ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಂಡಿತು. ಪಕ್ಕದ ಕಣ್ಣುಗಳು ಪೊರೆಯೊಂದಿಗೆ ಹೊರಟುಹೋದವು. ಈಜುವುದಕ್ಕಿದ್ದ ಕಾಲುಗಳು ಆಹಾರವನ್ನು ಬಾಚುವ ಕುಚ್ಚಾದವು. ಬಂಡೆಯ ಮೇಲೆ ನಮ್ಮ ಅಂಗಾಲನ್ನು ಗೀರುವ ಪ್ರಾಣಿ ತಲೆಕೆಳಗಾಗಿ ನಿಂತು ಕಾಲುಗಳಿಂದ ಉಣ್ಣುವ, ಸಿಗಡಿಯ ದಾಯಾದಿ! ಕುವಿಯೇಯನ್ನು ಮೋಸಗೊಳಿಸಿದ್ದು ಅದು ದೊಡ್ಡದಾದ ಮೇಲೆ ತೊಟ್ಟ ಅಂಗಿ; ಕುಲವನ್ನು ಹೇಳಿದ್ದು ಎಳೆತನ. ಥಾಮ್ಸನ್ನನು ಇದನ್ನು 1830ರಲ್ಲಿ ಪ್ರಕಟಿಸಿದನು. ನಾಲ್ಕು ವರ್ಷಗಳಲ್ಲಿ ಜರ್ಮನಿಯ ಬರ್ಮೈಸ್ಟರ್ ಎಂಬ ವಿದ್ವಾಂಸನು ಪರೀಕ್ಷಿಸಿ ಸರಿಯೆಂದು ಒಪ್ಪಿದನು. ಬಾರ್ನಕಲ್ಲಿನ ಮೊಕದ್ದಮೆ ಹೆಚ್ಚು ಗದ್ದಲವಿಲ್ಲದೆ ತೀರ್ಮಾನವಾಯಿತು.

ಗದ್ದಲವಾದದ್ದು ಏಡಿಯ ವಿಷಯದಲ್ಲಿ.

ಕಡಲ ನೀರಿನಲ್ಲಿ ತೇಲುವ ಒಂದು ವಿಚಿತ್ರ ಜೀವಿಗೆ ಫ್ರಾನ್ಸಿನ ಬೋಸ್ಕ್ ಎಂಬವನು 1802ರಲ್ಲಿ ಜೋಯಿಯ ಎಂದು ಹೆಸರಿಟ್ಟಿದ್ದನು. ಬೆನ್ನಿನ ಮೇಲೆ ಆಕಾಶಕ್ಕೆ ಚಾಚಿದ ಒಂದು ಉದ್ದನೆಯ ಮುಳ್ಳು, ಮೂಗಿನ ಕಡೆ ಕೆಳಕ್ಕಿಳಿದ ಇನ್ನೊಂದು ಮುಳ್ಳು, ಮೈಯ ಗಾತ್ರಕ್ಕೆ ಹೊಂದದ ದೊಡ್ಡ ಕಣ್ಣುಗಳು, ಸರಪಳಿಯಂತಹ ಬಾಲ. ಏಡಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇದು ತನ್ನದೇ ಆದ ಒಂದು ಪ್ರತ್ಯೇಕ ಜಾತಿಯೆಂದು ಎಲ್ಲ ಪುಸ್ತಕಗಳಲ್ಲಿಯೂ ದಾಖಲಾಗಿತ್ತು. ಇನ್ನೊಂದು ತೇಲುವ ಜೀವಿಗೆ ಇಂಗ್ಲೆಂಡಿನ ಲೀಚ್ ಎಂಬವನು ಮೆಗಲೋಪ, ಎಂದರೆ ದೊಡ್ಡ ಕಣ್ಣಿನದು, ಎಂದು ಹೆಸರಿಟ್ಟಿದ್ದನು. ಅದೂ ಒಂದು ಪ್ರತ್ಯೇಕ ಜಾತಿಯೇ. ಜೋಯಿಯವೊಂದು ಪೊರೆ ಕಳಚಿ ರೂಪ ಬದಲಿಸಿದ್ದನ್ನು ಹದಿನೆಂಟನೆಯ ಶತಮಾನದಲ್ಲಿ ಸ್ಲಾಬರ್ ಎಂಬ ಡಚ್ ಪ್ರಕೃತಿಪ್ರೇಮಿ ಕಂಡು ಬರೆದಿದ್ದರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡವರಿಲ್ಲ. ಥಾಮ್ಸನ್ನನು ಅದನ್ನು ಓದಿದ್ದನು. ಅವನ ಪಾತ್ರೆಯಲ್ಲಿಯೂ ಒಂದು ಜೋಯಿಯ ಪೊರೆ ಬಿಡುವ ಯತ್ನದಲ್ಲಿಯೇ ಸತ್ತಿತು. ಅರ್ಧ ಬಿಚ್ಚಿದ ಪೊರೆಯ ಒಳಗೆ ಇಣುಕಿ ನೋಡಿದರೆ, ಹೊರಕ್ಕೆ ಬರಲಿದ್ದ ಕಾಲುಗಳ ಸಂಖ್ಯೆ ಏಡಿ ಸಿಗಡಿಗಳ ಕಾಲುಗಳ ಲೆಕ್ಕಕ್ಕೆ ಸರಿಯಾಗಿತ್ತು.

ಅಷ್ಟರಿಂದ ತೃಪ್ತನಾಗದೆ ಅವನು ಲೆಕ್ಕವನ್ನು ಇನ್ನೊಂದು ಕೊನೆಯಿಂದ ಮಾಡಿದನು. 1827ರಲ್ಲಿ, ಅಲ್ಲಿಯ ಜನ ತಿನ್ನುವ ದೊಡ್ಡ ಏಡಿಯ ಮೊಟ್ಟೆಗಳನ್ನು ತಂದು ಒಡೆಯುವವರೆಗೆ ಕಾಪಾಡಿದನು. ಮೊಟ್ಟೆಯಿಂದ ಹೊರಬಿದ್ದವು ಏಡಿಮರಿಗಳಲ್ಲ; ಜೋಯಿಯಗಳು. ಇದಕ್ಕಿಂತ ನೇರವಾದ ಸಾಕ್ಷ್ಯ ಬೇರೊಂದಿರಲಾರದು. ಮರುವರ್ಷ ಕಾರ್ಕ್ ಪಟ್ಟಣದಲ್ಲಿಯೇ ಅಚ್ಚು ಮಾಡಿಸಿ ಹೊರತಂದ ತನ್ನ ಪುಸ್ತಿಕೆಯಲ್ಲಿ ಅವನು ಹೇಳಿದ್ದಿಷ್ಟು: ಚಿಟ್ಟೆಗೆ ಕಂಬಳಿಹುಳುವಿನ ಬಾಲ್ಯವಿರುವಂತೆ ಏಡಿಗೂ ಒಂದು ಬೇರೆ ಬಾಲ್ಯವಿದೆ, ಜೋಯಿಯ ಎಂಬ ಜಾತಿಯೇ ಇಲ್ಲ.

ವಿದ್ವಾಂಸರು ಇದನ್ನು ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಅವರಲ್ಲಿ ಕಾರಣವೂ ಇತ್ತೆಂಬುದು ಈ ಕಥೆಯ ರುಚಿಕಟ್ಟಾದ ಭಾಗ. ಜರ್ಮನಿಯ ರಾಥ್ಕೆಯು ಹೊಳೆಯ ಸಿಗಡಿಯಂತಹ ಕ್ರೇಫಿಶ್ ಎಂಬ ಪ್ರಾಣಿಯ ಬೆಳವಣಿಗೆಯನ್ನು 1829ರಲ್ಲಿ ಬಹು ಎಚ್ಚರಿಕೆಯಿಂದ ವರ್ಣಿಸಿದ್ದನು. ಅದರ ಮರಿ ಮೊಟ್ಟೆಯಿಂದಲೇ ತಾಯಿಯ ಚಿಕ್ಕ ಪ್ರತಿಯಾಗಿ ಹೊರಬರುತ್ತದೆ. ಕೀಟಶಾಸ್ತ್ರದಲ್ಲಿ ದೊಡ್ಡ ಹೆಸರು ಪಡೆಯಲಿದ್ದ ಇಂಗ್ಲೆಂಡಿನ ವೆಸ್ಟ್‌ವುಡ್ಡನು ವೆಸ್ಟ್ ಇಂಡೀಸಿನಿಂದ ಬಂದ ಒಂದು ನೆಲದ ಏಡಿಯ ಮೊಟ್ಟೆಮರಿಗಳನ್ನು ಪರೀಕ್ಷಿಸಿ, ಅಲ್ಲಿಯೂ ರೂಪಪರಿವರ್ತನೆಯಿಲ್ಲವೆಂದು 1835ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಸಾರಿದನು. ಮಲೆನಾಡಿನ ಓದುಗರು ಅಂದು ಪಂಚರಾಗಿ ಕುಳಿತಿದ್ದರೆ ತೀರ್ಪನ್ನು ವೆಸ್ಟ್‌ವುಡ್ಡನ ಕಡೆಗೇ ಕೊಡುತ್ತಿದ್ದರು. ಗದ್ದೆಯ ಬದುವಿನಲ್ಲಿ ಹಿಡಿದ ಹೆಣ್ಣೇಡಿಯ ಹೊಟ್ಟೆಯ ಮಡಿಕೆಯನ್ನು ಬಿಡಿಸಿದರೆ ಒಳಗಿನಿಂದ ಪುಟುಪುಟು ಓಡುವುದು ಎಂಟು ಕಾಲು ಎರಡು ಕೊಂಬಿನ ಪೂರ್ಣ ಏಡಿಮರಿಗಳೇ ಹೊರತು ಮುಳ್ಳಿನ ಭೂತಗಳಲ್ಲ. ಅದನ್ನು ಅಲ್ಲಿಯ ಮಕ್ಕಳೆಲ್ಲ ಕಣ್ಣಾರೆ ಕಂಡಿರುತ್ತಾರೆ.

ಹಾಗಾದರೆ ತಪ್ಪಿದವರಾರು? ನೋಡಿದ್ದನ್ನು ನೋಡಿದಂತೆ ಹೇಳುವುದರಲ್ಲಿ ಯಾರೂ ತಪ್ಪಿರಲಿಲ್ಲ. ಸಿಹಿನೀರಿಗೆ ಬಂದು ನೆಲೆಸಿದ ಏಡಿಗಳು ತೇಲುವ ಬಾಲ್ಯವನ್ನು ತೊರೆದುಬಿಟ್ಟಿವೆ. ಹರಿಯುವ ಹಳ್ಳದಲ್ಲಿ ಒಂದು ಮಿಲಿಮೀಟರಿನ ಮಗು ತೇಲಿದರೆ ಅದು ಬೇಡದ ಕಡೆಗೆ ಕೊಚ್ಚಿಹೋಗುವುದು ಖಂಡಿತ. ಆದ್ದರಿಂದ ಅಲ್ಲಿ ಮೊಟ್ಟೆಗಳು ಕಡಿಮೆ, ಗಾತ್ರ ದೊಡ್ಡದು, ಒಳಗೆ ಬುತ್ತಿ ಹೆಚ್ಚು. ಬಾಲ್ಯವೆಲ್ಲ ಮೊಟ್ಟೆಯೊಳಗೇ ಮುಗಿಯುತ್ತದೆ. ವೆಸ್ಟ್‌ವುಡ್ಡನ ತಪ್ಪೆಂದರೆ ತಾನು ಕಂಡ ಒಂದು ಏಡಿಯನ್ನು ಕಡಲಿನ ಏಡಿಗಳಿಗೆಲ್ಲ ಪ್ರತಿನಿಧಿಯಾಗಿ ನಿಲ್ಲಿಸಿದ್ದು. ಆದರೆ ಅವನ ಮಾತಿಗೆ ಲಂಡನ್ನಿನ ತೂಕವಿತ್ತು; ಥಾಮ್ಸನ್ನನದು ದೂರದ ಕಾರ್ಕಿನಲ್ಲಿ ಅಚ್ಚಾದ ಪುಸ್ತಿಕೆ. ತೂಕ ಹಾಕುವಾಗ ಯಾವುದನ್ನು ತೂಗಿದರೆಂದು ಬೇರೆ ಹೇಳಬೇಕಾಗಿಲ್ಲ.

ಅದೇ 1835ರಲ್ಲಿ ಥಾಮ್ಸನ್ನನಿಗೆ ಆಸ್ಟ್ರೇಲಿಯದ ಸಿಡ್ನಿಗೆ ಹೋಗಬೇಕಾಯಿತು. ಅಲ್ಲಿಗೆ ಗಡೀಪಾರು ಮಾಡಿದ ಕೈದಿಗಳ ವೈದ್ಯಕೀಯ ಇಲಾಖೆಯ ಭಾರ ಅವನ ಹೆಗಲಿಗೆ ಬಂದಿತು. ಹೊರಡುವ ಸುಮಾರಿನಲ್ಲಿ ಬರೆದುಕೊಟ್ಟ ಒಂದೆರಡು ಲೇಖನಗಳು ಮರುವರ್ಷ ಬೆಳಕು ಕಂಡವು. ಅವುಗಳಲ್ಲಿ ಒಂದು, ಏಡಿಯ ಹೊಟ್ಟೆಗೆ ಗಂಟಿನಂತೆ ಹತ್ತಿಕೊಂಡು ಅದರ ಮೈಯನ್ನೇ ಹೀರುವ, ಕಾಲು ಕಣ್ಣು ಬಾಯಿಗಳೊಂದೂ ಇಲ್ಲದ ಸ್ಯಾಕ್ಯುಲೀನ ಎಂಬ ಪರೋಪಜೀವಿಯನ್ನು ಕುರಿತದ್ದು. ಆ ಚೀಲದಂತಹ ಗಂಟಿನ ಮರಿಗಳನ್ನು ನೋಡಿ ಅವನು ಅದರ ಕುಲವನ್ನೂ ಗುರುತಿಸಿದನು: ಅದೂ ಸಿಗಡಿಯ ಬಂಧುವೇ! ಆ ಬಳಿಕ ಅವನ ಮಸ್ಲಿನ್ ಚೀಲದ ಸುದ್ದಿ ಹೆಚ್ಚಾಗಿ ಕೇಳಿಬರಲಿಲ್ಲ. 1847ರಲ್ಲಿ ಅವನು ಸಿಡ್ನಿಯಲ್ಲಿ ತೀರಿಕೊಂಡನು.

ಅಷ್ಟರಲ್ಲಿ ಏಡಿಯ ಮೊಕದ್ದಮೆಯೂ ಅವನ ಪಕ್ಷವಾಗಿ ಮುಗಿದಿತ್ತು. ನೌಕಾಪಡೆಯ ಡ್ಯುಕೇನ್ ಎಂಬ ಕ್ಯಾಪ್ಟನನೊಬ್ಬ 1839ರಲ್ಲಿ ತಾನೂ ಮೊಟ್ಟೆಗಳಿಂದ ಜೋಯಿಯಗಳನ್ನು ಪಡೆದುದಾಗಿ ಪತ್ರ ಬರೆದನು. ಮುಂದೆ ಕಾರ್ನ್‌ವಾಲಿನ ತೀರದಲ್ಲಿ ಕೌಚ್ ಎಂಬ ವೈದ್ಯನು ಹಲವು ಜಾತಿಯ ಏಡಿಗಳ ಮೊಟ್ಟೆಗಳನ್ನು ಒಡೆಯಿಸಿ ನೋಡಿದನು. 1846ರಿಂದ ಎಂಟು ವರ್ಷಗಳ ಕಾಲ ಬಾರ್ನಕಲ್ಲುಗಳ ಹೊರತು ಬೇರೇನನ್ನೂ ಹೆಚ್ಚಾಗಿ ನೋಡದೆ ಕುಳಿತ ಡಾರ್ವಿನ್ನನು ತನ್ನ ಬೃಹದ್ಗ್ರಂಥಗಳನ್ನು ಕಟ್ಟಿದ್ದು ಥಾಮ್ಸನ್ನನು ಹಾಕಿದ ತಳಪಾಯದ ಮೇಲೆಯೇ. ಡಾರ್ವಿನ್ನನಿಗೂ ಅಲ್ಲೊಂದು ಎಡವು ಆಯಿತು: ಅಂಟನ್ನು ಸುರಿಸುವ ಗ್ರಂಥಿಗಳನ್ನು ಅವನು ಅಂಡಾಶಯದ ಒಂದು ಭಾಗವೆಂದು ತಿಳಿದನು. ಕ್ರೋನ್ ಎಂಬವನು ತೋರಿಸಿಕೊಟ್ಟ ಮೇಲೆ ತಪ್ಪನ್ನು ಒಪ್ಪಿಕೊಂಡನು.

ಇದಾದ ಮೇಲೆ ಡಿಂಭಗಳ ಬೇಟೆ ಭರದಿಂದ ಸಾಗಿತು. ಮೊಟ್ಟೆ ಒಡೆದು ಬಂದ, ತಾಯ್ತಂದೆಯರನ್ನು ಹೋಲದ ಎಳೆಯ ರೂಪಕ್ಕೆ ಡಿಂಭವೆಂದು ಹೆಸರು. 1845ರಿಂದ ಬರ್ಲಿನ್ನಿನ ಯೋಹಾನೆಸ್ ಮ್ಯುಲರನು ಹೆಲ್ಗೊಲ್ಯಾಂಡ್ ದ್ವೀಪಕ್ಕೆ ತನ್ನ ಶಿಷ್ಯರೊಂದಿಗೆ ಹೋಗಿ ನಯವಾದ ಬಲೆಯನ್ನು ಎಳೆದಾಗ, ನಕ್ಷತ್ರಮೀನು, ಕಡಲ ಮುಳ್ಳುಚೆಂಡು, ಹುಳುಗಳು, ಇವುಗಳ ಮಕ್ಕಳೆಲ್ಲ ಒಂದೊಂದು ವೇಷದಲ್ಲಿ ಸಿಕ್ಕಿದವು. ಮುಳ್ಳುಚೆಂಡಿನ ಡಿಂಭವು ಉದ್ದ ಕೈಗಳ ಒಂದು ಈಸೆಲ್ ಚೌಕಟ್ಟಿನಂತೆ ಕಾಣುತ್ತದೆ. ಅದರ ಹೊಟ್ಟೆಯ ಒಂದು ಪಕ್ಕದಲ್ಲಿ ಗುಂಡನೆಯ ಮುಳ್ಳುಚೆಂಡು ಬೇರೆಯಾಗಿಯೇ ಮೊಳೆತು, ಕೊನೆಗೆ ಡಿಂಭದ ಮೈಯನ್ನು ಹಳೆಯ ಬಟ್ಟೆಯಂತೆ ಬಿಟ್ಟುಬಿಡುತ್ತದೆ. ಕಡಲ ಬಸವನಹುಳುವಿನ ಡಿಂಭಕ್ಕೆ ರೋಮಗಳ ಅಂಚಿರುವ ಎರಡು ಹಾಯಿಗಳುಂಟು. ಮೊದಲು ಕಂಡವರು ಇವುಗಳಲ್ಲಿ ಹಲವಕ್ಕೆ ಪ್ರತ್ಯೇಕ ಜಾತಿಯೆಂದು ಹೆಸರಿಟ್ಟಿದ್ದರು. ಆ ಹೆಸರುಗಳು ಬಾಲ್ಯದ ಅವಸ್ಥೆಯ ಹೆಸರುಗಳಾಗಿ ಈಗಲೂ ಉಳಿದಿವೆ. ಜೋಯಿಯವೂ ಮೆಗಲೋಪವೂ ಹಾಗೆಯೇ. ನೀರಿನೊಡನೆ ತೇಲುವ ಈ ಸಮಸ್ತ ಸಂತತಿಗೆ ಪ್ಲವಕ, ಎಂದರೆ ಪ್ಲಾಂಕ್ಟನ್, ಎಂಬ ಒಟ್ಟು ಹೆಸರನ್ನು ಕೊಟ್ಟವನು ಜರ್ಮನಿಯ ಹೆನ್ಸೆನ್. ಅದು 1887ರಷ್ಟು ಈಚಿನ ಮಾತು.

ತಾಯಿಯು ಕಡಲ ತಳದಲ್ಲಿ ಸುಖವಾಗಿರುವಾಗ ಮಗುವನ್ನು ಹೀಗೆ ನೀರುಪಾಲು ಮಾಡುವುದೇಕೆ? ಬಂಡೆಗೆ ಅಂಟಿದವರಿಗೆ ಹೊಸ ಊರನ್ನು ಸೇರಲು ಬೇರೆ ಉಪಾಯವಿಲ್ಲವೆಂಬುದು ಒಂದು ಉತ್ತರ. ಅದಕ್ಕೆ ತೆರಬೇಕಾದ ಬೆಲೆ ಮಾತ್ರ ಭಯಂಕರವಾದದ್ದು. ಥಾಮ್ಸನ್ನನು ಪರೀಕ್ಷಿಸಿದ ಆ ತಿನ್ನುವ ಏಡಿ ಒಂದು ಸಲಕ್ಕೆ ಹತ್ತು ಲಕ್ಷಕ್ಕೂ ಮೀರಿ ಮೊಟ್ಟೆಗಳನ್ನು ಹೊರಬಲ್ಲುದು. ಅಷ್ಟರಲ್ಲಿ ಎರಡು ಮರಿಗಳು ಬದುಕಿ ದೊಡ್ಡವಾದರೆ ವಂಶ ಕುಂದುವುದಿಲ್ಲ. ಉಳಿದವುಗಳ ಗತಿ ಮೀನುಗಳ ಹೊಟ್ಟೆ, ಲೋಳೆಮೀನುಗಳ ಹೊಟ್ಟೆ, ಕೆಲವು ಸಲ ತಾಯಿಯ ನೆರೆಯಲ್ಲಿಯೇ ನೀರನ್ನು ಸೋಸುತ್ತ ಕುಳಿತ ಬಾರ್ನಕಲ್ಲಿನ ಹೊಟ್ಟೆ. ಡೆನ್ಮಾರ್ಕಿನ ಗುನ್ನಾರ್ ಥಾರ್ಸನ್ ತನ್ನ ಆಯುಷ್ಯದ ಬಹುಭಾಗವನ್ನು ಈ ಜಮಾಖರ್ಚಿಗೆ ಮೀಸಲಿಟ್ಟನು. ಧ್ರುವಪ್ರದೇಶದ ತಣ್ಣೀರಿನಲ್ಲಿ ಬೆಳವಣಿಗೆ ನಿಧಾನವಾಗಿಯೂ ಆಹಾರ ಸಿಗುವ ಬೇಸಗೆ ಗಿಡ್ಡವಾಗಿಯೂ ಇರುವುದರಿಂದ ಅಲ್ಲಿ ತೇಲುವ ಡಿಂಭಗಳನ್ನು ಬಿಡುವ ಪ್ರಾಣಿಗಳು ಬಹಳ ಕಡಿಮೆಯೆಂದೂ, ಉಷ್ಣವಲಯಕ್ಕೆ ಬಂದಂತೆ ಹೆಚ್ಚುತ್ತವೆಂದೂ ಅವನು ಹೇಳಿದನು. ಅದಕ್ಕೆ ಅಪವಾದಗಳು ಆಮೇಲೆ ಸಿಕ್ಕಿವೆಯಾದರೂ ಒಟ್ಟು ಮಾತು ಬಿದ್ದುಹೋಗಿಲ್ಲ.

ಡಿಂಭವು ಪೂರ್ತಿಯಾಗಿ ಅಲೆಯ ಕೈಗೊಂಬೆಯೆಂದು ಹೇಳುವುದಕ್ಕೂ ಆಗದು. ಯೂರೋಪಿನ ತೀರದ ಹಸಿರು ಏಡಿ ಹಿನ್ನೀರುಗಳಲ್ಲಿ ಬಾಳುವ ಪ್ರಾಣಿ. ಅದರ ಜೋಯಿಯವು ಹೊರಗಿನ ಕಡಲಿಗೆ ಹೋಗಬೇಕು. ನಾಲ್ಕು ಸಲ ಜೋಯಿಯದ ಅವಸ್ಥೆಗಳನ್ನು ಕಳೆದು ಮೆಗಲೋಪವಾಗಿ ಮತ್ತೆ ತೀರಕ್ಕೆ ಬರಬೇಕು. ಹರಿವಿಗೆ ಎದುರಾಗಿ ಈಜುವ ತ್ರಾಣ ಅದಕ್ಕಿಲ್ಲ. ಆದರೆ ಮೇಲೆ ಕೆಳಗೆ ಸರಿಯುವಷ್ಟು ತ್ರಾಣವುಂಟು, ಅಷ್ಟೇ ಸಾಕು. ಇಳಿತದ ನೀರು ಹೊರಕ್ಕೆ ಹರಿಯುವಾಗ ಮೇಲೆದ್ದು ಬರುತ್ತದೆ. ಉಬ್ಬರವು ಒಳಕ್ಕೆ ನುಗ್ಗುವಾಗ ತಳದತ್ತ ಇಳಿದು ನಿಲ್ಲುತ್ತದೆ. ಬಸ್ಸು ಬಂದಾಗ ಹತ್ತುವುದು, ಬೇಡದ ಬಸ್ಸಾದರೆ ನಿಲ್ದಾಣದಲ್ಲಿ ನಿಲ್ಲುವುದು. ಹಿಂದಿರುಗುವ ಮೆಗಲೋಪ ಉಬ್ಬರವನ್ನು ಹಿಡಿಯುತ್ತದೆ. 1990ರ ದಶಕದಲ್ಲಿ ವೇಲ್ಸಿನ ಸಂಶೋಧಕರು ಕಡಲಿನಿಂದ ಹಿಡಿದು ತಂದ ಜೋಯಿಯಗಳನ್ನು ಉಬ್ಬರವಿಳಿತಗಳೇ ಇಲ್ಲದ ಪ್ರಯೋಗಾಲಯದ ನೀರಿನಲ್ಲಿ ಇಟ್ಟು ನೋಡಿದರು. ಹೊರಗೆ ಕಡಲಿನಲ್ಲಿ ಇಳಿತವಾಗುವ ವೇಳೆಗೆ ಸರಿಯಾಗಿ ಅವು ಒಳಗೂ ಮೇಲೆದ್ದು ಬರುತ್ತಿದ್ದವು. ಎರಡು ಮಿಲಿಮೀಟರೂ ಇಲ್ಲದ ಮೈಯೊಳಗೆ ಒಂದು ಗಡಿಯಾರ ನಡೆಯುತ್ತಿತ್ತು.

ಬಾರ್ನಕಲ್ಲಿನ ಡಿಂಭಕ್ಕೆ ಇದಕ್ಕಿಂತಲೂ ಕಠಿಣವಾದ ಒಂದು ನಿರ್ಧಾರ ಕಾದಿರುತ್ತದೆ. ಮೊಟ್ಟೆಯಿಂದ ಬಂದಾಗ ಅದು ಒಂಟಿಕಣ್ಣಿನ, ಮೂರು ಜೊತೆ ಅವಯವಗಳ ನಾಪ್ಲಿಯಸ್. ಆರು ಅವಸ್ಥೆಗಳಲ್ಲಿ ತಿಂದು ಕೊಬ್ಬನ್ನು ಕೂಡಿಟ್ಟುಕೊಂಡು, ಥಾಮ್ಸನ್ನನು ಕಂಡ ಆ ಚಿಪ್ಪಿನ ಸಿಪ್ರಿಸ್ ರೂಪವನ್ನು ತಾಳುತ್ತದೆ. ಸಿಪ್ರಿಸ್ ತಿನ್ನುವುದಿಲ್ಲ. ಕೂಡಿಟ್ಟ ಬುತ್ತಿ ತೀರುವುದರೊಳಗೆ ಇಡೀ ಜೀವಮಾನಕ್ಕೆ ತಕ್ಕ ಸ್ಥಳವನ್ನು ಅದು ಆರಿಸಬೇಕು, ತಪ್ಪಿದರೆ ತಿದ್ದಿಕೊಳ್ಳುವಂತಿಲ್ಲ. ಮನೆ ಹುಡುಕುವ ಕಷ್ಟವನ್ನು ಬಲ್ಲ ನಗರವಾಸಿಗಳಿಗೆ ಅದರ ನಡತೆ ಪರಿಚಿತವೆನಿಸಬಹುದು. ಬಂಡೆಗೆ ಬಂದಿಳಿದು, ಎರಡು ಮೀಸೆಗಳನ್ನೇ ಕಾಲುಗಳನ್ನಾಗಿ ಮಾಡಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆದು ನೋಡುತ್ತದೆ. ಕಲ್ಲು ಒರಟಾಗಿದೆಯೆ, ಸಂದು ಇದೆಯೆ ಎಂದು ಪರೀಕ್ಷಿಸುತ್ತದೆ. ಮನಸ್ಸಿಗೆ ಬಾರದಿದ್ದರೆ ಬಿಟ್ಟು ಈಜಿಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅದು ಹುಡುಕುವುದು ನೆರೆಯವರನ್ನು. ತನ್ನ ಜಾತಿಯವರು ಕುಳಿತಿರುವ, ಹಿಂದೆ ಕುಳಿತಿದ್ದ ಸ್ಥಳದ ಗುರುತನ್ನು ಅದು ಮುಟ್ಟಿ ತಿಳಿಯುತ್ತದೆಂದು ನೈಟ್ ಜೋನ್ಸ್ ಎಂಬ ವಿಜ್ಞಾನಿ 1953ರಲ್ಲಿ ತೋರಿಸಿಕೊಟ್ಟನು. ಒಂದು ಸಿಪ್ರಿಸ್ ನಡೆದು ಹೋದ ಹೆಜ್ಜೆಗುರುತಿನಲ್ಲಿ ಉಳಿದ ಅಂಟಿನ ಲೇಶವೂ ಮುಂದಿನವರಿಗೆ ಕರೆಯಾಗುತ್ತದೆ. ಕದಲಲಾಗದ ಪ್ರಾಣಿಗೆ ಸಂಗಾತಿ ಕೈಗೆಟಕುವ ದೂರದಲ್ಲಿಲ್ಲದಿದ್ದರೆ ಸಂತಾನವೇ ಇಲ್ಲ. ಆದ್ದರಿಂದ ಈ ಆಸೆ ಸಹಜವಾದದ್ದೇ.

ಸಿಪ್ರಿಸ್ಸಿನ ಈ ಆಯ್ಕೆಯಿಂದ ಹಡಗಿನ ಒಡೆಯರು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಡಿಗೆ ಬಾರ್ನಕಲ್ ಹತ್ತಿದ ಹಡಗು ನೀರನ್ನು ಸೀಳಲಾರದೆ ನಿಧಾನಿಸುತ್ತದೆ, ಇಂಧನವನ್ನು ನುಂಗುತ್ತದೆ. 1780ರ ಸುಮಾರಿಗೆ ಬ್ರಿಟಿಷ್ ನೌಕಾಪಡೆಯು ತನ್ನ ಹಡಗುಗಳ ಹೊಟ್ಟೆಗೆ ತಾಮ್ರದ ತಗಡನ್ನು ಹೊದಿಸಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತವರದ ಒಂದು ವಿಷವನ್ನು ಬೆರೆಸಿದ ಬಣ್ಣ ಬಂದಿತು. ಡಿಂಭಗಳು ಹತ್ತಿರ ಸುಳಿಯದಷ್ಟು ಬಿಗಿಯಾದ ಮದ್ದು ಅದು. ಆದರೆ ಬಣ್ಣವು ಹಡಗಿನ ಮೇಲೆಯೇ ನಿಲ್ಲಲಿಲ್ಲ. ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ 1970ರ ದಶಕದ ಕೊನೆಗೆ ಸಿಂಪಿಯ ಡಿಂಭಗಳು ಬದುಕದೆ ಸಿಂಪಿ ಸಾಕುವವರ ಬಾಳೇ ಅಲುಗಾಡಿತು. ಬಲಿತ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಾಯಿತು. ಇಂಗ್ಲೆಂಡಿನ ತೀರದಲ್ಲಿ ಒಂದು ಜಾತಿಯ ಬಸವನಹುಳುವಿನ ಹೆಣ್ಣುಗಳಿಗೆ ಗಂಡಿನ ಅಂಗಗಳು ಬೆಳೆದು ಸಂತಾನವೇ ನಿಂತಿತು. ಫ್ರಾನ್ಸ್ 1982ರಲ್ಲಿ, ಬ್ರಿಟನ್ 1987ರಲ್ಲಿ ಸಣ್ಣ ದೋಣಿಗಳಿಗೆ ಆ ಬಣ್ಣವನ್ನು ನಿಷೇಧಿಸಿದವು. ಎಲ್ಲ ಹಡಗುಗಳಿಗೂ ಅನ್ವಯಿಸುವ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 2008ರಲ್ಲಿ.

ಹಡಗಿನ ಹೊರಮೈಯಲ್ಲದೆ ಒಳಗಿನ ನೀರೂ ಡಿಂಭಗಳಿಗೆ ವಾಹನವಾಗುತ್ತದೆ. ಸರಕು ಇ‍ಳಿಸಿದ ಹಡಗು ತೂಕಕ್ಕಾಗಿ ಬಂದರಿನ ನೀರನ್ನು ತೊಟ್ಟಿಗಳಲ್ಲಿ ತುಂಬಿಕೊಂಡು ಹೊರಡುತ್ತದೆ. ಇನ್ನೊಂದು ಖಂಡದ ಬಂದರಿನಲ್ಲಿ ಅದನ್ನು ಚೆಲ್ಲುತ್ತದೆ. ಮೇಲೆ ಹೇಳಿದ ಹಸಿರು ಏಡಿ ಯೂರೋಪನ್ನು ಬಿಟ್ಟು 1817ರ ವೇಳೆಗೇ ಅಮೆರಿಕದ ಪೂರ್ವತೀರದಲ್ಲಿ ಕಾಣಿಸಿಕೊಂಡಿತ್ತು. ಆಗ ಅದು ಮರದ ಹಡಗುಗಳ ಕಾಲ. 1989ರಲ್ಲಿ ಅದು ಪಶ್ಚಿಮತೀರದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಸಿಕ್ಕಿತು. 1997 ಮತ್ತು 1998ರ ಎಲ್ ನೀನ್ಯೋ ಕಾಲದಲ್ಲಿ ಉತ್ತರಕ್ಕೆ ಹರಿದ ಬೆಚ್ಚನೆಯ ನೀರು ಅದರ ಡಿಂಭಗಳನ್ನು ಕೆನಡದವರೆಗೂ ಒಯ್ದಿತು. ಹೋದಲ್ಲೆಲ್ಲ ಅದು ಅಲ್ಲಿಯ ಕಪ್ಪೆಚಿಪ್ಪುಗಳನ್ನು ಒಡೆದು ತಿನ್ನುತ್ತದೆ. ಹಡಗುಗಳ ತೊಟ್ಟಿಯ ನೀರನ್ನು ಕುರಿತ ಅಂತರರಾಷ್ಟ್ರೀಯ ನಿಯಮವು 2004ರಲ್ಲಿ ಸಿದ್ಧವಾಗಿ 2017ರಲ್ಲಿ ಜಾರಿಗೆ ಬಂದಿತು. ಏಡಿ ಅಷ್ಟರೊಳಗೆ ಹಲವು ಪೀಳಿಗೆಗಳನ್ನು ಬೆಳೆಸಿತ್ತು.

ಥಾಮ್ಸನ್ನನ ಚೀಲ ಮಾತ್ರ ಕೆಲಸ ನಿಲ್ಲಿಸಿಲ್ಲ. 1931ರಿಂದ ಬ್ರಿಟನ್ನಿನ ಸರಕು ಹಡಗುಗಳು, ಹಾರ್ಡಿ ಎಂಬ ವಿಜ್ಞಾನಿ ಕಲ್ಪಿಸಿದ ಒಂದು ಲೋಹದ ಪೆಟ್ಟಿಗೆಯನ್ನು ತಮ್ಮ ಮಾಮೂಲು ಮಾರ್ಗದಲ್ಲಿ ಹಿಂದೆ ಎಳೆದುಕೊಂಡು ಹೋಗುತ್ತವೆ. ಪೆಟ್ಟಿಗೆಯೊಳಗೆ ಮಸ್ಲಿನ್ನಿನ ಬದಲು ರೇಷ್ಮೆಯ ಪಟ್ಟಿ ನಿಧಾನವಾಗಿ ಸುರುಳಿ ಸುತ್ತುತ್ತ, ದಾರಿಯ ಪ್ರತಿ ಹತ್ತು ನಾವಿಕ ಮೈಲಿನ ಪ್ಲವಕವನ್ನು ಒಂದೊಂದು ತುಂಡಿನಲ್ಲಿ ಹಿಡಿದಿಡುತ್ತದೆ. ಆ ಸುರುಳಿಗಳನ್ನು ಬಿಡಿಸಿ ಎಣಿಸಿದಾಗ, 1980ರ ದಶಕದಿಂದೀಚೆಗೆ ಉತ್ತರ ಸಮುದ್ರವು ಬೆಚ್ಚಗಾದಂತೆಲ್ಲ ಏಡಿ ಸಿಗಡಿಗಳ ಡಿಂಭಗಳೂ ಮುಳ್ಳುಚೆಂಡಿನ ಬಳಗದ ಡಿಂಭಗಳೂ ಅಲ್ಲಿ ಹೆಚ್ಚುತ್ತಿರುವುದು ಕಂಡುಬಂದಿತು. ಈ ಎರಡನೆಯವು ಯಾವ ಮುಳ್ಳುಚೆಂಡಿನ ಮಕ್ಕಳೆಂಬುದನ್ನು ರೂಪದಿಂದ ಹೇಳುವುದು ಸಾಧ್ಯವಾಗಲಿಲ್ಲ. 2000ದ ದಶಕದಲ್ಲಿ ರೇಷ್ಮೆಯ ಮೇಲಿನ ಡಿಂಭಗಳ ಡಿಎನ್‌ಎಯನ್ನು ತೆಗೆದು ಹೋಲಿಸಿ ನೋಡಿದ ಮೇಲೆಯೇ, ಕಡಲ ತಳದ ಮಳಲಿನಲ್ಲಿ ಹುದುಗಿ ಬಾಳುವ, ಹೃದಯದಾಕಾರದ ಒಂದು ಮುಳ್ಳುಚೆಂಡು ತಾಯಿಯೆಂದು ಗೊತ್ತಾಯಿತು.